ಪುಟ್ಟಿಯ ಕೆನ್ನೆಯ ಗಾಯ: ಮಗಳಿಗೊಂದು ಪತ್ರ

ಪ್ರೀತಿಯ ಮಗಳೇ,

ನಾಯಿ ಕಚ್ಚಿದ ಪುಟ್ಟಿಗೆ ರೇಬೀಸ್ ಲಸಿಕೆಯ ಮೂರನೇ ದಿನದ ಚುಚ್ಚುಮದ್ದೂ ಆಯಿತು ಅಂತ ಅಳಿಯಂದಿರು ತಿಳಿಸಿದರು. ಫೋನಿನಲ್ಲಿ ಹೇಳಿದ್ದು ಅರ್ಧ ಮರೆತುಹೋಗುತ್ತೆ, ಅದಕ್ಕೇ ಬರೆದು ಕಳಿಸುತ್ತಿದ್ದೇನೆ. ಕೈಗೆ ಸಿಗುವ ಕಡೆ ಇಟ್ಟುಕೋ.

ಮೊದಲು ಲಸಿಕೆಯ ಲೆಕ್ಕ. ಮೊದಲ ಚುಚ್ಚುಮದ್ದಿನ ದಿನ ಸೊನ್ನೆ, ಒಂದಲ್ಲ. ಅಲ್ಲಿಂದ 3, 7, 14, 28. ನಾಯಿ ಕಚ್ಚಿದ್ದು ಭಾನುವಾರ, ಹಾಗಾಗಿ ಉಳಿದ ಮೂರೂ ಭಾನುವಾರವೇ ಬೀಳುತ್ತವೆ. ಹೊರರೋಗಿ ವಿಭಾಗಕ್ಕೆ ಅವತ್ತು ಬೀಗ. ತುರ್ತು ವಿಭಾಗದಲ್ಲಿ ಕೊಡ್ತಾರಾ ಅಂತ ಈಗಲೇ ವಿಚಾರಿಸಿಡು. ಒಂದು ದಿನ ಆಚೀಚೆ ಆದರೆ ಮರುದಿನವೇ ಹಾಕಿಸಿ ಮುಂದುವರಿಸು, ಮೊದಲಿಂದ ಶುರು ಮಾಡಬೇಕಿಲ್ಲ. ಆದರೆ "ನಾಯಿ ಚೆನ್ನಾಗೇ ಓಡಾಡ್ತಿದೆಯಲ್ಲ" ಅಂತ ಯಾರಾದರೂ ಅಂದರೆಂದು ನೀನಾಗೇ ನಿಲ್ಲಿಸಬೇಡ. ಮುಖದಲ್ಲಿ ನರಗಳು ದಟ್ಟ, ಮಿದುಳು ಹತ್ತಿರ. ಲಸಿಕೆ ಮೈಯಲ್ಲಿ ರಕ್ಷಣೆ ಕಟ್ಟಲು ಒಂದೆರಡು ವಾರ ಹಿಡಿಯುತ್ತೆ. ಅಲ್ಲಿಯವರೆಗೆ ಅವಳನ್ನು ಕಾಪಾಡುವುದಕ್ಕೆಂದೇ ಮೊದಲ ದಿನ ಗಾಯದೊಳಗೂ ಸುತ್ತಲೂ ಇಮ್ಯುನೊಗ್ಲೋಬ್ಯುಲಿನ್, ಅಂದರೆ ರೋಗಾಣುವನ್ನು ತಡೆಯುವ ಸಿದ್ಧ ಪ್ರತಿಕಾಯಗಳ ಔಷಧಿ, ಚುಚ್ಚಿದ್ದು. ಅದು ಅವಳಿಗೆ ತುಂಬ ನೋವು ಕೊಟ್ಟಿತು, ಗೊತ್ತು. ಆದರೆ ಬಿಡುವಂಥದ್ದಾಗಿರಲಿಲ್ಲ.

ಹೊಲಿಗೆ ದೂರ ದೂರ ಹಾಕಿದ್ದಾರೆ, ಕಲೆ ದೊಡ್ಡದಾಗುತ್ತೆ ಅಂತ ಕಣ್ಣೀರು ಹಾಕಿದೆಯಲ್ಲ. ಅದು ಅಜಾಗ್ರತೆಯಲ್ಲ, ಬೇಕೆಂದೇ ಮಾಡಿದ್ದು. ನಾಯಿಯ ಹಲ್ಲು ಕೊಳೆಯನ್ನು ಆಳಕ್ಕೆ ಒಯ್ದಿರುತ್ತೆ. ಮೇಲೆ ಬಿಗಿಯಾಗಿ ಮುಚ್ಚಿದರೆ ಕೀವು ಒಳಗೇ ನಿಲ್ಲುತ್ತೆ. ಕೀವಾದ ಗಾಯದ ಕಲೆ, ಸಡಿಲ ಹೊಲಿಗೆಯ ಕಲೆಗಿಂತ ಎಷ್ಟೋ ಕೆಟ್ಟದು.

ಈಗಿನಿಂದ ದಿನಕ್ಕೆ ಎರಡು ಸಲ ಹೀಗೆ ಮಾಡು. ಕೈ ಸೋಪಿನಲ್ಲಿ ತೊಳೆ. ಕುದಿಸಿ ಆರಿಸಿದ ನೀರಲ್ಲಿ ಹತ್ತಿ ಅದ್ದಿ ಹೊಲಿಗೆಯ ಮೇಲೆ ಒಂದು ನಿಮಿಷ ಇಡು, ಹಕ್ಕಳೆ ಮೆತ್ತಗಾಗುತ್ತೆ. ಆಮೇಲೆ ಹೊಲಿಗೆಯ ಉದ್ದಕ್ಕೆ ಒರೆಸು, ಅಡ್ಡಡ್ಡ ಉಜ್ಜಬೇಡ. ಡಾಕ್ಟರು ಕೊಟ್ಟ ಮುಲಾಮನ್ನು ತೆಳ್ಳಗೆ ಸವರು. ಗಾಯ ಒಣಗಲಿ ಅಂತ ಹಾಗೇ ಬಿಡುವುದು ಹಳೆಯ ರೂಢಿ. ದಪ್ಪ ಹಕ್ಕಳೆ ಕಟ್ಟಿದರೆ ಅದರಡಿ ಹೊಸ ಚರ್ಮ ಕೂಡಿಕೊಳ್ಳುವುದು ತಡವಾಗಿ ಕಲೆ ಅಗಲವಾಗುತ್ತೆ. ಅರಿಶಿನ, ಕಾಫಿಪುಡಿ, ಸುಣ್ಣ, ಹೈಡ್ರೋಜನ್ ಪೆರಾಕ್ಸೈಡ್ ಯಾವುದೂ ಬೇಡ. ನಿಮ್ಮತ್ತೆ ದೃಷ್ಟಿ ತೆಗೆಯಲಿ, ಅದರಿಂದ ಅವರಿಗೂ ಸಮಾಧಾನ. ಬೊಟ್ಟು ಮಾತ್ರ ಕಾಲಿಗೆ ಇಡಲಿ. ರಾತ್ರಿ ನಿದ್ದೆಯಲ್ಲಿ ಕೆರೆದುಕೊಳ್ಳುತ್ತಾಳೆ. ಉಗುರು ಕತ್ತರಿಸು, ಕೈಗೆ ಹತ್ತಿಯ ಕಾಲುಚೀಲ ಹಾಕು.

ನೋವಿಗೆ ಪ್ಯಾರಾಸಿಟಮಾಲ್ ಸಿರಪ್ ಕೊಡುವಾಗ ಬಾಟಲಿಯ ಮೇಲಿನ ಅಂಕಿ ಓದು. 5 ಎಂಎಲ್‌ಗೆ 120 ಅಥವಾ 125 ಮಿಲಿಗ್ರಾಂ ಇರುವುದೂ ಉಂಟು, 250 ಇರುವುದೂ ಉಂಟು. 14 ಕಿಲೋ ಮಗುವಿಗೆ ಕಿಲೋಗೆ 15ರಂತೆ 210 ಮಿಲಿಗ್ರಾಂ. 250ರ ಬಾಟಲಿಯಲ್ಲಿ ಅದು 4 ಎಂಎಲ್ ಚಿಲ್ಲರೆ, 120ರದ್ದರಲ್ಲಿ ಅದರ ಸುಮಾರು ಎರಡರಷ್ಟು. ಬಾಟಲಿ ಬದಲಾಗಿ ಅಳತೆ ಬದಲಾಗದೆ ಹೋಗುವುದೇ ಮನೆಗಳಲ್ಲಿ ಆಗುವ ತಪ್ಪು. ಆರು ಗಂಟೆಗೊಮ್ಮೆ, ದಿನಕ್ಕೆ ನಾಲ್ಕು ಸಲ ಮೀರಬಾರದು. ಚೀಟಿಯಲ್ಲಿ ಬೇರೆ ಪ್ರಮಾಣ ಬರೆದಿದ್ದರೆ ಅದೇ ಸರಿ.

ಊಟದಲ್ಲಿ ನಂಜು ಅಂತ ಮೊಟ್ಟೆ, ಬೇಳೆ, ಮೊಸರು ನಿಲ್ಲಿಸಬೇಡ. ಹೊಸ ಚರ್ಮ ಕಟ್ಟಿಕೊಳ್ಳುವುದೇ ಅವುಗಳಿಂದ. ಖಾರವಿಲ್ಲದ ಸಾರನ್ನ, ರಾಗಿ ಗಂಜಿ, ಮೆತ್ತಗಿನ ಇಡ್ಲಿ ಕೊಡು, ಇನ್ನೊಂದು ಕೆನ್ನೆಯಲ್ಲಿ ಅಗಿಯಲಿ. ಸ್ಟ್ರಾ ಬೇಡ, ಬಲೂನು ಊದುವುದೂ ಬೇಡ.

ಎರಡನೇ ದಿನಕ್ಕೆ ಬಾವು ಹೆಚ್ಚಿರುವುದು ಸಹಜ. ಆಮೇಲೆ ಇಳಿಯಬೇಕು. ಇಳಿಯುವ ಬದಲು ಏರಿದರೆ, ಕೆಂಪು ಹರಡಿದರೆ, ವಾಸನೆ, ಕೀವು, ಜ್ವರ ಬಂದರೆ ಬೆಳಗಾಗುವವರೆಗೆ ಕಾಯಬೇಡ. ಕೆನ್ನೆಯ ಗಾಯಕ್ಕೇ ಸೇರಿದ ಇನ್ನೆರಡು ಗುರುತುಗಳಿವೆ. ನಗುವಾಗ ಬಾಯಿ ಒಂದೇ ಕಡೆ ಎಳೆದರೆ, ಅಥವಾ ಆ ಕಡೆಯ ಕಣ್ಣು ಪೂರ್ತಿ ಮುಚ್ಚದಿದ್ದರೆ ನರಕ್ಕೆ ಪೆಟ್ಟಾಗಿರಬಹುದು. ಊಟ ಮಾಡುವಾಗ ಗಾಯದಿಂದ ತಿಳಿನೀರು ಜಿನುಗಿದರೆ ಅದು ಎಂಜಲಿನ ನಾಳ ಕತ್ತರಿಸಿದ ಲಕ್ಷಣ. ಎರಡಕ್ಕೂ ಅವತ್ತೇ ಪ್ಲಾಸ್ಟಿಕ್ ಸರ್ಜನ್‌ಗೆ ತೋರಿಸಬೇಕು.

ಮುಖದ ಹೊಲಿಗೆಯನ್ನು ಐದರಿಂದ ಏಳು ದಿನದೊಳಗೆ ಬಿಚ್ಚುತ್ತಾರೆ. "ಇನ್ನೂ ಗಟ್ಟಿಯಾಗಲಿ" ಅಂತ ತಡಮಾಡಿದರೆ ದಾರದ ಗುರುತು ಏಣಿಮೆಟ್ಟಿಲಿನ ಹಾಗೆ ಉಳಿಯುತ್ತೆ. ಬಿಚ್ಚಿದ ದಿನ ಚರ್ಮ ಕೂಡಿದಂತೆ ಕಂಡರೂ ಒಳಗೆ ಬಲ ಇನ್ನೂ ಬಂದಿರುವುದಿಲ್ಲ. ಕೆಲವು ವಾರ ಪೇಪರ್ ಟೇಪ್ ಅಂಟಿಸು, ಮಂಚ ಸೋಫಾ ಹತ್ತಿ ಕುಣಿಯುವುದು ಬೇಡ. ಮೂರನೇ ವಾರದ ಹೊತ್ತಿಗೆ ಗಾಯ ಪೂರ್ತಿ ಮುಚ್ಚಿದ್ದರೆ ಮಾಲೀಶು ಶುರು ಮಾಡು. ಬೆರಳ ತುದಿಗೆ ಚೂರು ವ್ಯಾಸಲಿನ್ ಹಚ್ಚಿ, ಕಲೆ ಬೆಳ್ಳಗಾಗುವಷ್ಟು ಒತ್ತಿ, ಚಿಕ್ಕ ಸುತ್ತು ಹಾಕುತ್ತ ಐದು ನಿಮಿಷ, ದಿನಕ್ಕೆ ಎರಡು ಮೂರು ಸಲ. ಡಾಕ್ಟರು ಸಿಲಿಕೋನ್ ಜೆಲ್ ಬರೆದರೆ ತೆಳ್ಳಗೆ ಎರಡು ಹೊತ್ತು, ಕನಿಷ್ಠ ಮೂರು ತಿಂಗಳು. ಒಂದು ವಾರ ಹಚ್ಚಿ ಬಿಟ್ಟರೆ ದುಡ್ಡು ದಂಡ. ಬಿಸಿಲಿಗೆ ಹೊಸ ಕಲೆ ಕಪ್ಪಾಗಿ ನಿಲ್ಲುತ್ತೆ. ಒಂದು ವರ್ಷ ಟೋಪಿ, ಜೊತೆಗೆ ಜಿಂಕ್ ಆಕ್ಸೈಡ್ ಇರುವ, ಎಸ್‌ಪಿಎಫ್ 30ಕ್ಕಿಂತ ಕಡಿಮೆಯಿಲ್ಲದ ಸನ್‌ಸ್ಕ್ರೀನ್.

ಇದೊಂದನ್ನು ಗಟ್ಟಿಯಾಗಿ ನೆನಪಿಡು: ಎರಡು ಮೂರನೇ ತಿಂಗಳಲ್ಲಿ ಕಲೆ ಈಗಿರುವುದಕ್ಕಿಂತ ಕೆಟ್ಟದಾಗಿ ಕಾಣುತ್ತೆ. ಕೆಂಪಗೆ, ಗಡುಸಾಗಿ, ಉಬ್ಬಿ. ಅದು ಒಳಗೆ ಹೊಸ ನಾರು ಕಟ್ಟಿಕೊಳ್ಳುವ ಕಾಲ. ಆಗಲೇ ತಾಯಂದಿರು ಹೆದರಿ ಔಷಧಿ ಅಂಗಡಿಯಲ್ಲಿ ಸಿಕ್ಕ ಕ್ರೀಮು ತರುವುದು. ಅಂಥ ಬಹಳಷ್ಟು ಕ್ರೀಮುಗಳಲ್ಲಿ ಸ್ಟೆರಾಯ್ಡ್ ಇರುತ್ತೆ, ಎಳೆಯ ಚರ್ಮವನ್ನು ತೆಳು ಮಾಡುತ್ತೆ. ವಿಟಮಿನ್ ಇ ಮಾತ್ರೆ ಒಡೆದು ಹಚ್ಚಿದರೆ ಕೆಲವರಿಗೆ ಚರ್ಮ ಕೆಂಪಾಗಿ ತುರಿಕೆ ಏಳುತ್ತೆ. ಕಲೆ ಮಾಗಲು ಒಂದು ವರ್ಷ, ಕೆಲವೊಮ್ಮೆ ಒಂದೂವರೆ ವರ್ಷ ಬೇಕು. ತಿದ್ದುವ ಶಸ್ತ್ರಚಿಕಿತ್ಸೆಯ ಮಾತು ಸಾಮಾನ್ಯವಾಗಿ ಅದಾದ ಮೇಲೆ. ಆದರೆ ಗಾಯದ ಗೆರೆ ದಾಟಿ ಕಲೆ ಹರಡತೊಡಗಿದರೆ ಚರ್ಮದ ಡಾಕ್ಟರಿಗೆ ತೋರಿಸಲು ತಡಮಾಡಬೇಡ.

ಇನ್ನು ಅವಳ ಮನಸ್ಸು. ಕನ್ನಡಿಗೆ ಟವೆಲ್ ಹೊದಿಸಿದ್ದೀಯಂತೆ. ಇವತ್ತೇ ತೆಗೆದುಬಿಡು. ಮುಚ್ಚಿಟ್ಟದ್ದೆಲ್ಲ ಭಯದ್ದು ಅಂತ ನಾಲ್ಕು ವರ್ಷದ ಮಗುವಿಗೂ ಗೊತ್ತಾಗುತ್ತೆ. ತೊಡೆಯ ಮೇಲೆ ಕೂರಿಸಿಕೊಂಡು, ಕಾಣುವುದನ್ನು ಮೊದಲೇ ಹೇಳು: "ಕೆನ್ನೆ ಮೇಲೆ ದಾರ ಇದೆ, ಸ್ವಲ್ಪ ಊದಿದೆ. ಕಣ್ಣು, ಮೂಗು, ಬಾಯಿ ಎಲ್ಲ ಹಾಗೇ ಇವೆ." ಎಷ್ಟು ಹೊತ್ತು ನೋಡಬೇಕೆನ್ನುವುದು ಅವಳಿಗೆ ಬಿಟ್ಟದ್ದು. ಆ ಹೊತ್ತಲ್ಲಿ ಅವಳು ಕನ್ನಡಿಗಿಂತ ನಿನ್ನ ಮುಖವನ್ನೇ ಹೆಚ್ಚು ನೋಡುತ್ತಾಳೆ. ಅಳು ಬಂದರೆ ಬಚ್ಚಲಿಗೆ ಹೋಗಿ ಅತ್ತು ಬಾ, ಅದರಲ್ಲಿ ತಪ್ಪಿಲ್ಲ.

ಡ್ರೆಸ್ಸಿಂಗಿಗೆ, ಚುಚ್ಚುಮದ್ದಿಗೆ ಮೊದಲು "ನೋವಾಗಲ್ಲ" ಅನ್ನಬೇಡ. ಒಂದು ಸಲ ಸುಳ್ಳಾದರೆ ಮುಂದೆ ನಿನ್ನ ಮಾತು ನಂಬಲ್ಲ. "ಚುರ್ ಅನ್ನುತ್ತೆ, ಐದು ಎಣಿಸೋಷ್ಟರಲ್ಲಿ ಮುಗಿಯುತ್ತೆ" ಅನ್ನು, ಐದಕ್ಕೆ ನಿಲ್ಲಿಸು. ನಾಲ್ಕು ಜನ ಸೇರಿ ಮಲಗಿಸಿ ಒತ್ತಿಹಿಡಿಯುವ ಬದಲು ಎದೆಗೆ ಎದೆ ತಾಗುವಂತೆ ಅಪ್ಪಿಕೊಂಡು ಕೂರು. ತೊಡೆಗೆ ಸೂಜಿ ಹಾಕಲು ಅಷ್ಟು ಸಾಕು. ಯಾವ ಕೈಯಲ್ಲಿ ಗೊಂಬೆ, ಯಾವ ಹಾಡು ಅನ್ನುವುದನ್ನು ಅವಳೇ ಆರಿಸಲಿ.

ಅವಳು ಗೊಂಬೆಗೆ ನಾಯಿ ಕಚ್ಚಿಸಿ, ಸೂಜಿ ಚುಚ್ಚಿ ಆಡಬಹುದು. ತಡೆಯಬೇಡ. ಮಕ್ಕಳು ಹೇಳಲಾಗದ್ದನ್ನು ಆಟದಲ್ಲಿ ಹೇಳುತ್ತಾರೆ. ಹಾಸಿಗೆ ಒದ್ದೆ ಮಾಡುವುದು, ರಾತ್ರಿ ಕಿರುಚಿ ಏಳುವುದು, ಸೆರಗು ಬಿಡದಿರುವುದು ಕೆಲವು ವಾರ ಇರುತ್ತೆ. ತಿಂಗಳು ಕಳೆದರೂ ಕಡಿಮೆಯಾಗದಿದ್ದರೆ ನಿಮ್ಹಾನ್ಸ್‌ನ ಮಕ್ಕಳ ವಿಭಾಗಕ್ಕೆ ಕರೆದುಕೊಂಡು ಹೋಗು. ಅಷ್ಟರೊಳಗೆ ಕೇಳುವುದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಕನ್ನಡದಲ್ಲೇ ಮಾತಾಡುತ್ತಾರೆ.

"ಯಾಕೆ ಗೇಟು ದಾಟಿದೆ?" ಅಂತ ಯಾರೂ ಕೇಳಕೂಡದು. ಈ ವಯಸ್ಸಿನ ಮಕ್ಕಳು ಪೆಟ್ಟನ್ನು ಶಿಕ್ಷೆ ಅಂದುಕೊಳ್ಳುತ್ತಾರೆ. "ನೀನೇನೂ ತಪ್ಪು ಮಾಡಿಲ್ಲ ಕಂದ" ಅಂತ ಕೇಳದಿದ್ದರೂ ಹೇಳು. ಊಟ ಮಾಡದಿದ್ದರೆ ನಾಯಿ ಕರೀತೀನಿ, ಸೂಜಿ ಹಾಕಿಸ್ತೀನಿ ಅನ್ನುವ ಮಾತು ಇನ್ನು ಮನೆಯಲ್ಲಿ ಬೇಡ. "ಅಯ್ಯೋ, ಹೆಣ್ಣುಮಗು, ಮುಖಕ್ಕೇ ಆಯ್ತಲ್ಲ" ಅಂತ ನೋಡಲು ಬಂದವರು ಅವಳ ಎದುರಿಗೇ ಅನ್ನುತ್ತಾರೆ. ಬಾಗಿಲಲ್ಲೇ ಹೇಳಿಬಿಡು, ಗಾಯದ ಮಾತು ಒಳಗೆ ಬೇಡ ಅಂತ. ನೆಂಟರು ಬೇಸರ ಮಾಡಿಕೊಂಡರೆ ನನ್ನ ಹೆಸರು ಹೇಳು.

ಶಾಲೆಗೆ ಹೋಗುವ ಮೊದಲು ಮಿಸ್ ಹತ್ತಿರ ಮಾತಾಡಿರು. ಮಕ್ಕಳು ಕೇಳಿದರೆ ಪುಟ್ಟಿಗೆ ಮೂರು ಮಾತು ಸಾಕು: "ನಾಯಿ ಕಚ್ಚಿತ್ತು. ಈಗ ವಾಸಿ ಆಗ್ತಿದೆ. ಬಾ, ಆಡೋಣ." ಗೊಂಬೆಗಳನ್ನು ಸಾಲಾಗಿ ಕೂರಿಸಿ ಮನೆಯಲ್ಲೇ ಅಭ್ಯಾಸ ಮಾಡಿಸು. ನಾಯಿಯ ಭಯಕ್ಕೆ ಆತುರ ಬೇಡ. ಮೊದಲು ಚಿತ್ರದ ನಾಯಿ, ಆಮೇಲೆ ಕಿಟಕಿಯಿಂದ ಕಾಣುವ ನಾಯಿ, ಎಷ್ಟೋ ದಿನದ ಮೇಲೆ ರಸ್ತೆಯ ಆ ಬದಿಯ ನಾಯಿ. ಅವಳು ಸಾಕು ಅಂದರೆ ವಾಪಸ್ಸು.

ಅಗಲ ಅಂಚಿನ ಹತ್ತಿ ಟೋಪಿ, ಪೇಪರ್ ಟೇಪಿನ ಎರಡು ಸುರುಳಿ, ಕೆನ್ನೆಗೆ ಟೇಪ್ ಅಂಟಿಸಿದ ಒಂದು ಬಟ್ಟೆ ಗೊಂಬೆ ಪಾರ್ಸಲ್ ಹಾಕಿದ್ದೇನೆ. ಗೊಂಬೆಯ ಟೇಪನ್ನು ಅವಳೇ ಬಿಚ್ಚಲಿ. ಭಾನುವಾರ ಆಸ್ಪತ್ರೆಗೆ ಹೋಗುವಾಗ ಲಸಿಕೆಯ ಚೀಟಿ ಮರೆಯಬೇಡ.

ನಿನ್ನ ಅಮ್ಮ