‘ಸ್ಟಾರ್ಮಿ ವೆದರ್’ ಹುಟ್ಟಿದ ಕ್ಲಬ್ಬು

ಆತ್ಮೀಯ ಓದುಗರೇ,

ಫೆಬ್ರವರಿ ಎಂದರೆ ಅಮೆರಿಕದಲ್ಲಿ ಕಪ್ಪು ಜನರ ಚರಿತ್ರೆಯನ್ನು ನೆನೆಯುವ ತಿಂಗಳು. ನಮ್ಮ ಸಂಗೀತ ಸಂಜೆಗೆ ಗಾಯನ ಬಳಗದವರು ಈ ಸಲ ‘ಸ್ಟಾರ್ಮಿ ವೆದರ್’ (ಬಿರುಗಾಳಿಯ ಹವೆ) ಎಂಬ ಹಾಡನ್ನು ಆರಿಸಿಕೊಂಡಿದ್ದಾರೆ. ಕಾರ್ಯಕ್ರಮ ಪಟ್ಟಿಯಲ್ಲಿ ‘ಮಧುರ ವಿರಹಗೀತೆ’ ಎಂದಷ್ಟೇ ಅಚ್ಚು ಹಾಕಲು ನನಗೆ ಮನಸ್ಸು ಒಪ್ಪಲಿಲ್ಲ.

ನ್ಯೂಯಾರ್ಕಿನ ಕಪ್ಪು ಜನರ ಬಡಾವಣೆ ಹಾರ್ಲೆಮ್‌ನ ಲೆನಾಕ್ಸ್ ಅವೆನ್ಯೂ, 142ನೇ ಬೀದಿಯ ಮೂಲೆಯಲ್ಲಿತ್ತು ಕಾಟನ್ ಕ್ಲಬ್. ಒಡೆಯ ಓನಿ ಮ್ಯಾಡನ್, ಪಾನನಿಷೇಧದ ದಿನಗಳಲ್ಲಿ ಕಳ್ಳ ಬಿಯರ್ ಮಾರಿ ಕೊಬ್ಬಿದ ಭೂಗತ ದೊರೆ. ಹಾಡುವವರು, ಕುಣಿಯುವವರು, ಬಡಿಸುವವರು ಕಪ್ಪು ಜನ. ಮೇಜಿನ ಮುಂದೆ ಕೂತವರು ಬಿಳಿಯರು. ಅಕ್ಕಪಕ್ಕದ ಬೀದಿಯವರಿಗೆ ಗಿರಾಕಿಗಳಾಗಿ ಒಳಗೆ ಬರುವ ಹಕ್ಕಿರಲಿಲ್ಲ. ಒಳಾಂಗಣದ ಅಲಂಕಾರವೂ ಗುಲಾಮರು ದುಡಿದ ದಕ್ಷಿಣದ ತೋಟಗಳನ್ನು ನೆನಪಿಸುವಂಥದ್ದು! ಈ ಹಾಡನ್ನು ಆ ಕೋಣೆಯಿಂದ ಬಿಡಿಸಿ ಕೇಳುವುದು ನನಗಂತೂ ಆಗದು.

1933ರ ವಸಂತದಲ್ಲಿ ಕ್ಲಬ್ಬಿನ ರೆವ್ಯೂಗಾಗಿ (ಹಾಡು-ಕುಣಿತಗಳ ರಂಗಪ್ರದರ್ಶನ) ಟೆಡ್ ಕೋಹ್ಲರ್ ಸಾಹಿತ್ಯ ಬರೆದರು, ಹೆರಾಲ್ಡ್ ಆರ್ಲೆನ್ ರಾಗ ಕಟ್ಟಿದರು. ಆರ್ಲೆನ್ ತಂದೆ ಬಫಲೋದ ಯಹೂದಿ ಮಂದಿರದಲ್ಲಿ ಪ್ರಾರ್ಥನೆಗಳನ್ನು ಹಾಡುತ್ತಿದ್ದವರು. ಇಬ್ಬರ ಮನಸ್ಸಿನಲ್ಲಿದ್ದ ಗಾಯಕ ಕ್ಯಾಬ್ ಕ್ಯಾಲೊವೇ. ಆದರೆ ಆ ಋತುವಿಗೆ ಅವರ ಬದಲು ಕ್ಲಬ್ಬಿಗೆ ಬಂದದ್ದು ಡ್ಯೂಕ್ ಎಲಿಂಗ್ಟನ್ ವಾದ್ಯವೃಂದ. ಹಾಡು ಕಪ್ಪು ಗಾಯಕಿ ಎಥೆಲ್ ವಾಟರ್ಸ್ ಪಾಲಾಯಿತು. ಅಷ್ಟರಲ್ಲಿ ಆರ್ಲೆನ್ ಸ್ವತಃ ಹಾಡಿ, ಲಿಯೋ ರೈಸ್‌ಮನ್ ತಂಡದೊಂದಿಗೆ ಹೊರತಂದಿದ್ದ ಗ್ರಾಮಫೋನ್ ತಟ್ಟೆ ಜನಪ್ರಿಯವಾಗಿತ್ತು.

ವಾಟರ್ಸ್ ದಾಂಪತ್ಯ ಆಗ ಮುರಿದುಬೀಳುತ್ತಿತ್ತು. ನಲ್ಲ ಹೋದ ಮೇಲೆ ಮಳೆ ನಿಂತೇ ಇಲ್ಲ ಎನ್ನುವ ಆ ಹಾಡಿನಲ್ಲಿ ತನ್ನದೇ ಸಂಕಟ ಹೇಳಿಕೊಳ್ಳುತ್ತಿದ್ದೆ ಎಂದು ಅವರೇ ಆತ್ಮಕಥೆಯಲ್ಲಿ ಬರೆದಿದ್ದಾರೆ. ತನ್ನ ನೆರೆಹೊರೆಯವರನ್ನು ಬಾಗಿಲಲ್ಲೇ ತಡೆಯುವ ಕ್ಲಬ್ಬಿನ ಸಭಿಕರ ಮುಂದೆ ದಿನವೂ ಆ ಸಂಕಟ! ಅದನ್ನು ಕೇಳಿದ ಗೀತರಚನಕಾರ ಇರ್ವಿಂಗ್ ಬರ್ಲಿನ್ ಅದೇ ವರ್ಷ ಅವರನ್ನು ನ್ಯೂಯಾರ್ಕಿನ ಬ್ರಾಡ್‌ವೇ ರಂಗಭೂಮಿಗೆ ಕರೆದೊಯ್ದರು.

ನಮ್ಮ ಮೃದಂಗದ ಗೆಳೆಯರಿಗೊಂದು ಮಾತು: ಆ ಕಾಲದ ಇಂಥ ಹಾಡುಗಳು ಸಾಮಾನ್ಯವಾಗಿ 32 ಬಾರ್‌ಗಳಿಗೆ (ನಮ್ಮ ತಾಳದ ಆವರ್ತದಂಥ ಅಳತೆ) ಮುಗಿಯುತ್ತವೆ. ಇದು 36 ಹಿಡಿಯುತ್ತದೆ. ಮಳೆಯ ಸಾಲು ಮತ್ತೊಮ್ಮೆ ಮರುಕಳಿಸುವುದರಿಂದ ಹೆಚ್ಚಿದ ಅಳತೆಯದು; ಎಣಿಕೆ ತಪ್ಪೀತು, ಜೋಕೆ.

ಅದೇ ವರ್ಷ ಹದಿನಾರರ ಹುಡುಗಿ ಲೀನಾ ಹಾರ್ನ್ ಈ ಕ್ಲಬ್ಬಿನ ನರ್ತಕಿಯರ ಸಾಲಿಗೆ ಸೇರಿದರು. ಆ ಸಾಲಿಗೆ ತಿಳಿ ಮೈಬಣ್ಣದವರನ್ನೇ ಆರಿಸುತ್ತಿದ್ದರು. 1943ರಲ್ಲಿ ಹಾಡಿನ ಹೆಸರನ್ನೇ ಹೊತ್ತ ಚಲನಚಿತ್ರದಲ್ಲಿ ಇದನ್ನು ಹಾಡಿ ಹಾರ್ನ್ ಮನೆಮಾತಾದರು. ಇಂದು ಹೆಚ್ಚಿನವರಿಗೆ ಪರಿಚಯವಿರುವುದು ಅವರ ದನಿಯೇ. ನುಣುಪಾದ ಗಾಯನ, ನಿಜ. ಆದರೂ ಸಂಜೆಗೆ ಬರುವ ಮುನ್ನ ವಾಟರ್ಸ್ ಅವರ 1933ರ ಧ್ವನಿಮುದ್ರಿಕೆ ಕೇಳಿ ಬನ್ನಿ. ನನ್ನ ಮತ ಅವರಿಗೇ.

— ಸಂಪಾದಕ