ಲಂಡನ್ನಿನಲ್ಲಿ ನಮ್ಮೂರ ಹುಲಿ

ಲೆಸ್ಟರ್, ಇಂಗ್ಲೆಂಡ್

ತೀರ್ಥರೂಪು ಅಪ್ಪನವರಿಗೂ ಮಾತೃಶ್ರೀ ಅಮ್ಮನವರಿಗೂ ನಿಮ್ಮ ಮಗಳು ಮಾಡುವ ನಮಸ್ಕಾರಗಳು.

ನಾವಿಬ್ಬರೂ ಇಲ್ಲಿ ಕ್ಷೇಮವಾಗಿದ್ದೇವೆ; ಗಂಜಾಮಿನಲ್ಲಿ ನೀವೆಲ್ಲರೂ ಕ್ಷೇಮವೆಂದು ನಂಬಿದ್ದೇನೆ. ಶನಿವಾರ, ಭಾನುವಾರ ಲಂಡನ್ ನೋಡಿಕೊಂಡು ಬಂದ ಸುದ್ದಿಯನ್ನು ಫೋನಿನಲ್ಲಿ ಹೇಳಲು ಹೊರಟಿದ್ದೆ. ಆದರೆ ಅಮ್ಮ ಊಟಕ್ಕೇನು ಮಾಡಿಕೊಂಡಿರಿ ಎಂದು ಕೇಳಿದ್ದೇ ತಡ, ಮಾತೆಲ್ಲ ಅಡುಗೆಯ ಕಡೆಗೆ ತಿರುಗಿ ಹೇಳಬೇಕಾದದ್ದು ಹಾಗೆಯೇ ಉಳಿದುಹೋಯಿತು. ಆದ್ದರಿಂದ ಸಾವಧಾನವಾಗಿ ಬರೆಯುತ್ತಿದ್ದೇನೆ.

ಇಲ್ಲಿಂದ ಲಂಡನ್ನಿನ ಸೇಂಟ್ ಪ್ಯಾಂಕ್ರಸ್ ನಿಲ್ದಾಣಕ್ಕೆ ರೈಲಿನಲ್ಲಿ ಸುಮಾರು ಒಂದೂಕಾಲು ಗಂಟೆಯ ದಾರಿ. 1868ರಲ್ಲಿ ಆರಂಭವಾದ ಆ ನಿಲ್ದಾಣದ ಕಬ್ಬಿಣ ಮತ್ತು ಗಾಜಿನ ಚಾವಣಿ ನಡುವೆ ಒಂದೇ ಒಂದು ಕಂಬವಿಲ್ಲದೆ ಅಷ್ಟು ಹಳಿಗಳ ಮೇಲೂ ಕಮಾನಾಗಿ ಬಾಗಿದೆ. ಇವರು ಅದನ್ನು ಕತ್ತೆತ್ತಿ ನೋಡುತ್ತ ನಿಂತವರು ನಾನು ಕೈಹಿಡಿದು ಎಳೆಯುವವರೆಗೂ ಕದಲಲಿಲ್ಲ. ಬಕಿಂಗ್‌ಹ್ಯಾಮ್ ಅರಮನೆಯ ಬಗ್ಗೆ ಹೆಚ್ಚು ಬರೆಯುವಂಥದ್ದೇನೂ ಇಲ್ಲ. ಜನಜಂಗುಳಿಯಲ್ಲಿ ಬೇಲಿಯ ಸರಳುಗಳನ್ನೂ ಮುಂದೆ ನಿಂತವರ ಬೆನ್ನುಗಳನ್ನೂ ನೋಡಿದೆವು. ನಮ್ಮ ಮೈಸೂರು ಅರಮನೆಯ ಮುಂದೆ ಅದು ಸಪ್ಪೆ ಎಂದು ನಾನು ಹೇಳಿದರೆ ಪಕ್ಷಪಾತವೆನ್ನುತ್ತೀರಿ.

ಅಪ್ಪನಿಗೆ ಮುಖ್ಯವಾಗಿ ಬರೆಯಬೇಕಾದದ್ದು ಟಿಪ್ಪುವಿನ ಹುಲಿಯ ವಿಷಯ. ಸೌತ್ ಕೆನ್ಸಿಂಗ್ಟನ್‌ನಲ್ಲಿ ಸುರಂಗ ರೈಲಿನಿಂದ ಇಳಿದರೆ, ಮಳೆಗೆ ಸಿಗದಂತೆ ನೆಲದಡಿಯ ಉದ್ದನೆಯ ಹಾದಿಯಲ್ಲೇ ನಡೆದು ವಿಕ್ಟೋರಿಯಾ ಅಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯವನ್ನು ಸೇರಬಹುದು. ಒಳಗೆ ಹೋಗಲು ಟಿಕೆಟ್ ಇಲ್ಲ. ದಕ್ಷಿಣ ಏಷ್ಯಾದ ವಸ್ತುಗಳನ್ನಿಟ್ಟಿರುವ ವಿಭಾಗದಲ್ಲಿ, ದೊಡ್ಡ ಗಾಜಿನ ಪೆಟ್ಟಿಗೆಯೊಳಗೆ, ಕೆಂಪು ಕೋಟು ತೊಟ್ಟ ಐರೋಪ್ಯ ಸಿಪಾಯಿಯನ್ನು ಅಂಗಾತ ಕೆಡವಿ ಹುಲಿ ಅವನ ಕುತ್ತಿಗೆಗೆ ಬಾಯಿ ಹಾಕಿದೆ. ಮರದಲ್ಲಿ ಕಡೆದು ಬಣ್ಣ ಹಚ್ಚಿದ ಆ ಹುಲಿ ಹೆಚ್ಚುಕಡಿಮೆ ನಿಜವಾದ ಹುಲಿಯಷ್ಟೇ ದೊಡ್ಡದು. ಸಿಪಾಯಿಯ ಮುಖದಲ್ಲಿ ಮಾತ್ರ ಅಂಥ ಸಂಕಟವೇನೂ ಕಾಣದು; ಚನ್ನಪಟ್ಟಣದ ಗೊಂಬೆಯ ಹಾಗೆ ಕಣ್ಣು ಬಿಟ್ಟುಕೊಂಡು ಸುಮ್ಮನೆ ಮಲಗಿದ್ದಾನೆ. ಹುಲಿಯ ಪಕ್ಕೆಯಲ್ಲಿ ಕದದಂತೆ ತೆರೆಯುವ ಒಂದು ಹಲಗೆಯಿದ್ದು, ಅದರ ಹಿಂದೆ ದಂತದ ಗುಂಡಿಗಳ ಸಾಲಿದೆ, ಅದು ಹದಿನೆಂಟು ಸ್ವರಗಳ ಪುಟ್ಟ ಆರ್ಗನ್ ವಾದ್ಯ. ಭುಜದ ಬಳಿಯ ಹಿಡಿಯನ್ನು ತಿರುಗಿಸಿದರೆ ಸಿಪಾಯಿಯ ಕೈ ಮೇಲೆ ಕೆಳಗೆ ಆಡುತ್ತ ಅವನ ನರಳಾಟವೂ ಹುಲಿಯ ಗುರುಗುಟ್ಟುವಿಕೆಯೂ ಕೇಳುವಂತೆ ಒಳಗೆ ತಿದಿಗಳನ್ನು ಜೋಡಿಸಿದ್ದಾರೆ. ಈಗ ಅದನ್ನು ಮುಟ್ಟುವಂತಿಲ್ಲ. ಹಿಂದೆ ಈಸ್ಟ್ ಇಂಡಿಯಾ ಕಂಪನಿಯ ಕಚೇರಿಯಲ್ಲಿ ಇಟ್ಟಿದ್ದಾಗ ಬಂದವರೆಲ್ಲ ಹಿಡಿ ತಿರುಗಿಸುತ್ತಿದ್ದರಂತೆ. ಅಲ್ಲಿನ ಗ್ರಂಥಾಲಯದಲ್ಲಿ ಓದುತ್ತ ಕುಳಿತವರಿಗೆ ಆ ಗದ್ದಲದಿಂದ ತಲೆ ಕೆಟ್ಟುಹೋಗುತ್ತಿತ್ತಂತೆ.

1799ರ ಮೇ 4ರಂದು ನಮ್ಮ ಶ್ರೀರಂಗಪಟ್ಟಣದ ಕೋಟೆ ಬಿದ್ದ ಮೇಲೆ ಟಿಪ್ಪುವಿನ ಅರಮನೆಯ ಸಂಗೀತಶಾಲೆಯಲ್ಲಿ ಕಂಪನಿಯವರಿಗೆ ಸಿಕ್ಕ ಈ ಹುಲಿ, 1808ರಿಂದ ಕಂಪನಿಯ ಕಚೇರಿಯಲ್ಲಿದ್ದು, 1880ರಲ್ಲಿ ಈ ಸಂಗ್ರಹಾಲಯಕ್ಕೆ ಸೇರಿತು. ಎರಡನೆಯ ಮಹಾಯುದ್ಧದಲ್ಲಿ ಚಾವಣಿ ಕುಸಿದು ಬಿದ್ದು ಚೂರುಚೂರಾಗಿದ್ದನ್ನು ಮತ್ತೆ ಕೂಡಿಸಿದ್ದಾರೆ. ರಂಗನಾಥಸ್ವಾಮಿ ದೇವಸ್ಥಾನದ ಹತ್ತಿರ ಆ ಅರಮನೆಯ ಅಡಿಪಾಯವಷ್ಟೇ ಉಳಿದಿರುವಾಗ ಅದರೊಳಗಿನ ಆಟದ ಸಾಮಾನೊಂದು ಇಷ್ಟು ಜೋಪಾನವಾಗಿ ಇಲ್ಲಿರುವುದು ನನಗೆ ಸಮಾಧಾನವನ್ನೂ ಸಿಟ್ಟನ್ನೂ ಒಟ್ಟಿಗೆ ತಂದಿತು. ನಮ್ಮ ವಸ್ತುವನ್ನು ನಮಗೆ ಕೊಡಲಿ ಎಂಬುದು ಇವರ ಖಚಿತವಾದ ಅಭಿಪ್ರಾಯ. ನನಗೂ ಅದೇ ನ್ಯಾಯವೆನಿಸುತ್ತದೆ, ಆದರೆ ಪಕ್ಕದಲ್ಲಿ ನಿಂತಿದ್ದ ಶಾಲೆಯ ಮಕ್ಕಳು ಶ್ರೀರಂಗಪಟ್ಟಣ ಎಂಬ ಹೆಸರನ್ನು ಅಕ್ಷರ ಕೂಡಿಸಿ ಓದಲು ಹೆಣಗಾಡುತ್ತಿದ್ದುದನ್ನು ಕಂಡಾಗ ಹೆಮ್ಮೆಯೂ ಆಯಿತೆಂದು ಸುಳ್ಳಿಲ್ಲದೆ ಬರೆಯುತ್ತೇನೆ.

ಭಾನುವಾರ ಇವರ ಸರದಿ. ವೆಸ್ಟ್‌ಮಿನ್‌ಸ್ಟರ್ ಸೇತುವೆಯನ್ನು ದಾಟಿ ಥೇಮ್ಸ್ ನದಿಯ ಪೂರ್ವದ ದಡದಲ್ಲಿ ನಡೆದೆವು. ಸಂಸತ್ತಿನ ಕೆಳಮನೆಯ ಆಸನಗಳದು ಹಸಿರು ಬಣ್ಣವಾದ್ದರಿಂದ ಆ ಸೇತುವೆಗೂ ಹಸಿರು, ಮೇಲ್ಮನೆಯದು ಕೆಂಪಾದ್ದರಿಂದ ಮುಂದಿನ ಲ್ಯಾಂಬೆತ್ ಸೇತುವೆಗೆ ಕೆಂಪು ಬಳಿದಿದ್ದಾರೆ. ಎರಡರ ನಡುವೆ, ಸಂಸತ್ ಭವನಕ್ಕೆ ಎದುರಾಗಿ, ಆಸ್ಪತ್ರೆಯೊಂದರ ಉದ್ದನೆಯ ಗೋಡೆಯ ತುಂಬ ಕೆಂಪು ಹೃದಯದ ಚಿತ್ರಗಳಿವೆ. ಕೊರೊನಾದಲ್ಲಿ ತೀರಿಹೋದ ಒಬ್ಬೊಬ್ಬರಿಗೆ ಒಂದೊಂದರಂತೆ 2021ರಲ್ಲಿ ಬರೆಯತೊಡಗಿದ್ದು ಈಗ ಎರಡು ಲಕ್ಷ ದಾಟಿದೆ. ಬಣ್ಣ ಮಾಸಿದವುಗಳ ಮೇಲೆ ಇಬ್ಬರು ವಯಸ್ಸಾದ ಹೆಂಗಸರು ಕುಂಚ ಹಿಡಿದು ಮತ್ತೆ ಬಣ್ಣ ಹಚ್ಚುತ್ತಿದ್ದರು. ಆ ವರ್ಷ ನಾವು ಕಳೆದುಕೊಂಡ ದೊಡ್ಡಮ್ಮನ ನೆನಪಾಗಿ ಅಲ್ಲಿ ಹೆಚ್ಚು ಹೊತ್ತು ನಿಲ್ಲಲಾಗಲಿಲ್ಲ.

ಲ್ಯಾಂಬೆತ್ ಸೇತುವೆಯಾಚೆಗಿನ ಪುಟ್ಟ ತೋಟದಲ್ಲಿ ಬಸವಣ್ಣನವರ ಕಂಚಿನ ಪ್ರತಿಮೆಯಿದೆ. ಕಲಬುರಗಿ ಕಡೆಯವರಾದ, ಲ್ಯಾಂಬೆತ್‌ನ ಮೇಯರ್ ಆಗಿದ್ದ ಡಾ. ನೀರಜ್ ಪಾಟೀಲರ ಪ್ರಯತ್ನದಿಂದ ಸ್ಥಾಪನೆಯಾದ ಈ ಪ್ರತಿಮೆಯನ್ನು 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿಯವರು ಅನಾವರಣ ಮಾಡಿದರು. ನದಿಯ ಆಚೆ ದಡದಲ್ಲಿ ಬ್ರಿಟಿಷ್ ಸಂಸತ್ತು, ಈಚೆ ದಡದಲ್ಲಿ ಅನುಭವ ಮಂಟಪದ ಬಸವಣ್ಣ. ಈ ಜಾಗ ಆರಿಸಿದವರ ಜಾಣತನವನ್ನು ಮೆಚ್ಚಬೇಕು. ಬಾಗಲಕೋಟೆಯವರಾದ ನಿಮ್ಮ ಅಳಿಯಂದಿರು ಚಪ್ಪಲಿ ಬಿಟ್ಟು ಕೈಮುಗಿದದ್ದನ್ನು ನೋಡಿ, ಓಡುತ್ತ ಬಂದ ಬಿಳಿ ದೊರೆಯೊಬ್ಬ ನಿಂತು ಪ್ರತಿಮೆ ಯಾರದೆಂದು ವಿಚಾರಿಸಿದ. ಹನ್ನೆರಡನೆಯ ಶತಮಾನ, ಕಲ್ಯಾಣ, ಕಾಯಕ ಎಂದು ಇವರು ವಿವರಿಸತೊಡಗಿದರೆ ಪಾಪ, ಆ ಮನುಷ್ಯನ ಬೆವರೆಲ್ಲ ಆರಿಹೋಯಿತು.

ಅಮ್ಮನ ಪ್ರಶ್ನೆಗೆ ಉತ್ತರ: ಶನಿವಾರ ಮಧ್ಯಾಹ್ನ ನೀವು ಕಳಿಸಿದ ಚಟ್ನಿಪುಡಿ ಕಲಸಿದ ಅವಲಕ್ಕಿ, ರಾತ್ರಿ ಟೂಟಿಂಗ್ ಎಂಬಲ್ಲಿ ಮಸಾಲೆ ದೋಸೆ. ದೋಸೆ ಗರಿಗರಿಯಾಗಿತ್ತು, ಆದರೆ ಕೆಂಪು ಚಟ್ನಿ ಸವರಿರಲಿಲ್ಲ.

ಹುಲಿಯ ಚಿತ್ರವಿರುವ ಎರಡು ಕಾರ್ಡುಗಳನ್ನು ಈ ಲಕೋಟೆಯಲ್ಲಿಟ್ಟಿದ್ದೇನೆ. ಒಂದನ್ನು ಚಿಕ್ಕಪ್ಪನವರಿಗೆ ತಲುಪಿಸಿ. ಅಮ್ಮನ ಮಂಡಿನೋವಿಗೆ ವೈದ್ಯರು ಏನು ಹೇಳಿದರೆಂದು ತಪ್ಪದೆ ತಿಳಿಸಿ.

ಇಂತಿ ನಿಮ್ಮ ಪ್ರೀತಿಯ ಮಗಳು