ಮೀಟರ್ ಬರೆಯದ ರೀಲು ಇನ್ನು ಮಾರುವುದಿಲ್ಲ

ಅಕ್ಕಾವ್ರೇ, ಅಣ್ಣಾವ್ರೇ,

ಈ ತಿಂಗಳಿಂದ ನಮ್ಮ ಅಂಗಡಿಯಲ್ಲಿ ಎಷ್ಟು ಮೀಟರ್ ಇದೆ ಅಂತ ಬರೆಯದ ಆ ಅಗ್ಗದ ದಾರದ ರೀಲು ಸಿಗುವುದಿಲ್ಲ. ಹೊಲಿಗೆ ಮಷೀನಿಗೆ ಇನ್ನು ಸ್ಪನ್ ಪಾಲಿಯೆಸ್ಟರ್ (ಚಿಕ್ಕ ಎಳೆಗಳನ್ನು ನೂತ ಪಾಲಿಯೆಸ್ಟರ್) ದಾರ ಮಾತ್ರ, ಅದೂ ಮೀಟರ್ ಮತ್ತು ದಪ್ಪ ಹೇಳುವ ನಂಬರ್ ಎರಡೂ ಅಚ್ಚಾಗಿರುವುದು. ರೀಲಿಗೆ ಮೂರು ರೂಪಾಯಿ ಜಾಸ್ತಿ.

"ಲಾಭಕ್ಕೆ ಮಾಡಿದ್ದೀರಿ" ಅಂತ ಮುಖದ ಮೇಲೇ ಅಂದವರಿದ್ದಾರೆ. ನೋವಾಯಿತು. ಪಾಲಿಯೆಸ್ಟರ್ ಹುಟ್ಟುವುದು ಕಚ್ಚಾ ಎಣ್ಣೆಯಿಂದ. ಅದರ ದರ ನಮ್ಮ ಕೈಯಲ್ಲಿದೆಯೇ? ಇನ್ನು ಬಣ್ಣ. ನೀವು ಗಿಳಿಹಸಿರು ಕೇಳಿದಾಗ ಇಲ್ಲ ಅನ್ನಬಾರದು ಅಂತ ಇಡೀ ಡಬ್ಬಿ ತರಿಸುತ್ತೇವೆ. ವರ್ಷಕ್ಕೆ ಹೋಗುವುದು ಎರಡೇ ರೀಲು. ಉಳಿದದ್ದರ ದುಡ್ಡು ಸುಮ್ನೆ ಕೂತಿರುತ್ತದೆ. ಆದರೂ ಒಂದು ಬಣ್ಣವನ್ನೂ ನಾವು ಕಮ್ಮಿ ಮಾಡಿಲ್ಲ.

ಅಗ್ಗದ ರೀಲು ನಿಜಕ್ಕೂ ಅಗ್ಗವಲ್ಲ. ಒಂದು ಮೀಟರ್ ಹೊಲಿಗೆಗೆ ಮೇಲಿನ ದಾರವೂ ಕೆಳಗಿನ ಬಾಬಿನ್‌ ದಾರವೂ ಸೇರಿ ಸುಮಾರು ಎರಡೂವರೆ ಮೀಟರ್ ದಾರ ಬೇಕು. ಕಮ್ಮಿ ಸುತ್ತಿದ ರೀಲು ಬ್ಲೌಸಿಗೆ ತೋಳು ಹಚ್ಚುವಾಗಲೇ ಖಾಲಿ. ಕಳೆದ ದೀಪಾವಳಿಗೆ ಬಂದ ಕಪ್ಪು ರೀಲಂತೂ ಕೈಯಲ್ಲಿ ಎಳೆದರೇ ತುಂಡಾಗುತ್ತಿತ್ತು. ಎಳೆದು ನೋಡದೆ ಮಾರಿದೆವು, ನಮ್ಮದೇ ತಪ್ಪು, ಕ್ಷಮಿಸಿ. ಮನೆಯಲ್ಲಿ ಉಳಿದಿದ್ದರೆ ತನ್ನಿ, ದುಡ್ಡಿಲ್ಲದೆ ಹೊಸದು ಕೊಡುತ್ತೇವೆ.

ಆದರೆ "ನಿಮ್ಮ ದಾರ ಬರೀ ಕಟ್ ಆಗುತ್ತೆ" ಅನ್ನುವ ಮಾತು ಪ್ರತಿ ಸಲವೂ ದಾರಕ್ಕೆ ಸಲ್ಲುವುದಿಲ್ಲ. ಮೊನ್ನೆ ಒಬ್ಬ ಅಕ್ಕ ಜೀನ್ಸಿಗೆ ಒಯ್ದಿದ್ದ 40ನೇ ನಂಬರಿನ ದಪ್ಪ ದಾರ ವಾಪಸ್ ತಂದರು. ಸೂಜಿ ತರಿಸಿ ನೋಡಿದೆವು, ಸಣ್ಣದು, 11ನೇ ನಂಬರು. ಒಂದು ಗೇಣು ದಾರ ಪೋಣಿಸಿ ಓರೆಯಾಗಿ ಹಿಡಿದೆವು. ಸೂಜಿ ತಾನಾಗಿ ಜಾರಿ ಇಳಿಯಬೇಕು, ಅಲ್ವಾ? ನಡುವೆಯೇ ನಿಂತಿತು. ದಪ್ಪ ದಾರ ಚಿಕ್ಕ ಕಣ್ಣಿಗೆ ಉಜ್ಜಿ ಉಜ್ಜಿ ಎಳೆ ಬಿಟ್ಟಿತ್ತು. 18ರ ಸೂಜಿ ಹಾಕಿ ಅದೇ ದಾರದಲ್ಲಿ ಎರಡು ಪ್ಯಾಂಟ್ ಮುಗಿಸಿದರು.

ದಾರದ ನಂಬರ್ ದೊಡ್ಡದಾದಷ್ಟೂ ದಾರ ತೆಳ್ಳಗೆ. ಸೂಜಿಯದು ಉಲ್ಟಾ, ನಂಬರ್ ಏರಿದರೆ ಸೂಜಿ ದಪ್ಪ. ದಿನದ ಬ್ಲೌಸು, ಅಂಗಿಗೆ 120ರ ದಾರ, 14ರ ಸೂಜಿ. ರೇಷ್ಮೆಗೆ ದಾರ ಅದೇ ಇರಲಿ, ಸೂಜಿ ಮಾತ್ರ 11.

ಹತ್ತಿ ಬಟ್ಟೆಗೆ ಹತ್ತಿ ದಾರವೇ ಬೇಕು ಅನ್ನುವವರಿಗೂ ಒಂದು ಮಾತು. ಹತ್ತಿ ದಾರ ಒಗೆದಾಗ ಕುಗ್ಗಬಹುದು, ಆಗ ಹೊಲಿಗೆ ಸುಕ್ಕಾಗುತ್ತದೆ. ಆದರೆ ಕೌದಿ ಹೊಲಿಯುವ ಅಮ್ಮಂದಿರು ಗಾಬರಿಯಾಗಬೇಡಿ. ಕೈಹೊಲಿಗೆಯ ದಪ್ಪ ಹತ್ತಿ ದಾರ ಮೊದಲಿನ ಹಾಗೇ ಇರುತ್ತದೆ, ಮೊದಲಿನ ಬೆಲೆಗೇ.

ಬರುವಾಗ ಬಟ್ಟೆಯ ತುಂಡು ತನ್ನಿ. ರೀಲಿನಲ್ಲಿ ಗಾಢವಾಗಿ ಕಾಣುವ ಬಣ್ಣ ಒಂದೇ ಎಳೆಯಲ್ಲಿ ತಿಳಿಯಾಗುತ್ತದೆ. ಟ್ಯೂಬ್‌ಲೈಟಿನಲ್ಲಿ ಇನ್ನೂ ಮೋಸ. ಎಳೆ ಬಿಚ್ಚಿ ಬಟ್ಟೆಯ ಮೇಲಿಟ್ಟು, ಬಾಗಿಲ ಬೆಳಕಿನಲ್ಲಿ ನಾವೇ ಹೊಂದಿಸಿ ಕೊಡುತ್ತೇವೆ. ಎಷ್ಟು ಹೊತ್ತಾದರೂ ಸರಿ.

ನಿಮ್ಮ ದಾರದ ಅಂಗಡಿಯವರು
ಧಾರವಾಡ